ಎದೆಯ ಮೇಲೆ ತಡಕಾಡಿದ ಕೈ

ನವಲಗುಂದದ ಓದುಗರೊಬ್ಬರ ಪತ್ರ: ತಂದೆಯನ್ನು ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರ ಐಸಿಯುಗೆ ಸೇರಿಸಿದಾಗ ಕೊರಳಿನ ಲಿಂಗ ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇವರ ಕೈಗೆ ಕೊಟ್ಟರಂತೆ. ಒಂಬತ್ತು ದಿನ ಅಪ್ಪನ ಕೈ ಎದೆಯ ಮೇಲೆ ತಡಕಾಡುತ್ತಲೇ ಇತ್ತು. ಮನೆಗೆ ಕಳಿಸುವಾಗ ಊಟ, ಸ್ವಚ್ಛತೆ, ಬಿಲ್ಲಿನ ಕೌಂಟರ್ ಹೇಗಿತ್ತೆಂದು ಫಾರ್ಮ್ ತುಂಬಿಸಿಕೊಂಡರು. ಇವರು ಎಲ್ಲದಕ್ಕೂ 'ಉತ್ತಮ' ಎಂದರು. 'ಜೀವ ಉಳಿಸ್ಯಾರ, ಇನ್ನೇನು ಬೇಕು ಅಂತ ಮನ್ಯಾಗ ಬೈತಾರ. ನಾ ಕೇಳೋದು ತಪ್ಪೇನ್ರಿ?'

ಉತ್ತರ: ತಪ್ಪಲ್ಲ, ತಾಯಿ. ಆ 'ಉತ್ತಮ' ಮಾತ್ರ ತಪ್ಪು. ನಮಗೆ ಬರೆದದ್ದನ್ನು ಮೊದಲು ಅಲ್ಲಿ ಬರೆಯಬೇಕಿತ್ತು.

ಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ಎಂಆರ್‌ಐ ಕೋಣೆಗೆ ಒಯ್ಯುವಂತಿಲ್ಲ, ಸೋಂಕಿನ ಭಯವೂ ನಿಜ. ಒಪ್ಪಿದೆ. ಆದರೆ ಉಳಿದ ದಿನಗಳಲ್ಲಿ? ಲಿಂಗವನ್ನು ತೊಳೆದ ವಸ್ತ್ರದಲ್ಲಿ ಸುತ್ತಿ ದಿಂಬಿನ ಮಗ್ಗುಲಿಗೆ ಇಟ್ಟು, 'ಅಜ್ಜಾರ, ಇಲ್ಲೇ ಅದ ನೋಡ್ರಿ' ಎಂದು ಕೈ ಮುಟ್ಟಿಸಲು ಎಷ್ಟು ಹೊತ್ತು ಬೇಕು?

ನರ್ಸ್ ಆಗಿ ದುಡಿದು ಆಮೇಲೆ ಡಾಕ್ಟರಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, ಅಂದರೆ ಸಾವಿನ ಅಂಚಿನಲ್ಲಿರುವವರನ್ನು ಆರೈಕೆ ಮಾಡುವ ಮನೆ, ತೆರೆದರು. ಮೈಯ ನೋವಿನ ಜೊತೆ ಮನಸ್ಸಿನದು, ಸಂಸಾರದ್ದು, ನಂಬಿಕೆಯದು ಎಲ್ಲ ಕೂಡಿದ್ದೇ 'ಒಟ್ಟು ನೋವು' ಎಂದವರು ಅವರು. ಹೊತ್ತುಹೊತ್ತಿಗೆ ಮಾರ್ಫಿನ್ ಕೊಡಬೇಕೆಂದು ಹಟ ಹಿಡಿದವರೂ ಅವರೇ. ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ ರೋಗಿಗೆ ಕೇಳಬೇಕಾದ್ದನ್ನು ನಾಲ್ಕು ಮಾತಿಗೆ ಇಳಿಸಿದ್ದಾರೆ: ನಿಮ್ಮ ನಂಬಿಕೆ ಏನು, ಅದು ಎಷ್ಟು ಮುಖ್ಯ, ಜೊತೆಗೆ ಯಾರಿದ್ದಾರೆ, ನಾವು ಏನು ಮಾಡಬೇಕು. ನಮಾಜಿನ ದಿಕ್ಕು ಕೇಳುವವರಿಗೂ, ದೇವರು ಬೇಡ, ಮೊಮ್ಮಗಳು ಬಂದರೆ ಸಾಕು ಎನ್ನುವವರಿಗೂ ಇವೇ ಸಾಕು.

ನನ್ನ ಅವ್ವ ಗದಗಿನ ಆಸ್ಪತ್ರೆಯೊಂದರಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿದ್ದಳು. ಹಗಲು ರಾತ್ರಿ ಒಂದೇ ಟ್ಯೂಬ್‌ಲೈಟು. ಕಸ ಹೊಡೆಯುವ ಹೆಣ್ಣುಮಗಳೊಬ್ಬಳು ದಿನಾ ಸಂಜೆ ಬಾಗಿಲಲ್ಲಿ ನಿಂತು, 'ಯವ್ವಾ, ದೀಪಾ ಹಚ್ಚೂ ಹೊತ್ತಾತ ನೋಡು' ಎನ್ನುತ್ತಿದ್ದಳು. ಆಕ್ಸಿಜನ್ ಇದ್ದಲ್ಲಿ ದೀಪ ಎಲ್ಲಿಯದು? ಅವ್ವ ಸೂಜಿ ಚುಚ್ಚಿದ ಕೈಗಳನ್ನೇ ಜೋಡಿಸುತ್ತಿದ್ದಳು. ಆ ರಾತ್ರಿ ನಿದ್ದೆ ಬರುತ್ತಿತ್ತು. ಆ ಹೆಣ್ಣುಮಗಳ ಕೆಲಸ ಯಾವ ಫಾರ್ಮಿನ ಯಾವ ಕಾಲಮ್ಮಿನಲ್ಲಿ ಬಂದೀತು?

ಹೊಸ ಆಸ್ಪತ್ರೆಗಳ ಬಾಗಿಲಲ್ಲಿ ಹೂಮಾಲೆ ಹಾಕಿಸಿಕೊಂಡ ಗಣಪ ಇರುತ್ತಾನೆ. ನಡೆದು ಬರುವವರಿಗೆ ಕಾಣುತ್ತಾನೆ. ಸ್ಟ್ರೆಚರ್ ಮೇಲೆ ಮಲಗಿ ಹೋಗುವವರಿಗೆ ಕಾಣುವುದು ಸೂರು. ಫಾರ್ಮಿನಲ್ಲೂ ಎಣಿಕೆಗೆ ಸಿಗುವುದನ್ನಷ್ಟೇ ಕೇಳುತ್ತಾರೆ.

ಅಪ್ಪ ಈಗ ಎದ್ದು ಕೂತು ಲಿಂಗಪೂಜೆ ಮಾಡುತ್ತಾರೆಂದು ಬರೆದಿದ್ದೀರಿ, ಓದಿ ಕಣ್ಣು ತುಂಬಿತು. ಮುಂದಿನ ತಪಾಸಣೆಗೆ ಹೋದಾಗ ಅದೇ ಫಾರ್ಮ್ ಕೇಳಿ ಇಸಿದುಕೊಳ್ಳಿ. ಹಿಂಬದಿ ಖಾಲಿ ಇದ್ದೀತು. ಒಂಬತ್ತು ದಿನದ್ದನ್ನೂ ಅಲ್ಲಿ ಬರೆಯಿರಿ, ಕೆಳಗೆ ಅಪ್ಪನ ಸಹಿ ಹಾಕಿಸಿ.