14 ವರ್ಷದ ಹಳೆ ಕಾರಿನಲ್ಲಿ ಯಾವ ದೋಷಕ್ಕೆ ನಿಜವಾಗಿ ಹೆದರಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮನೆಯಲ್ಲಿ 14 ವರ್ಷದ ಪೆಟ್ರೋಲ್ ಕಾರಿದೆ, ಓಡಿರುವುದು ಬರೀ 58,000 ಕಿಲೋಮೀಟರ್. ಅದೇ ಮಾಡೆಲ್ ಇಟ್ಟುಕೊಂಡವರು ಬರೆದಿರುವ ದೂರುಗಳನ್ನು ಓದಿ ಗಾಬರಿಯಾಗಿದೆ. ಬಣ್ಣ ಏಳುತ್ತದೆ, ಡ್ಯಾಶ್‌ಬೋರ್ಡ್ ಕಿರುಗುಟ್ಟುತ್ತದೆ, ಏರ್‌ಬ್ಯಾಗ್ ಲೈಟ್ ಉರಿಯುತ್ತದೆ, ಗುಂಡಿಗೆ ಇಳಿದರೆ ಕೆಳಗಿಂದ ಟಕಟಕ ಸದ್ದು ಬರುತ್ತದೆ, ಬ್ರೇಕ್ ಮೆತ್ತಗಾಗುತ್ತದೆ ಅಂತೆಲ್ಲ ಬರೆದಿದ್ದಾರೆ. ಇದರಲ್ಲಿ ಯಾವುದಕ್ಕೆ ಹೆದರಬೇಕು, ಯಾವುದನ್ನು ಬಿಡಬಹುದು, ಕಾರು ಇಟ್ಟುಕೊಳ್ಳಬೇಕೋ ಮಾರಬೇಕೋ ಅಂತ ಕೇಳಿದ್ದೀರಿ.

ಹಳೆ ಕಾರುಗಳನ್ನು ಲಿಫ್ಟ್ ಮೇಲೆ ಏರಿಸಿ ಅಡಿಯಿಂದ ಪರೀಕ್ಷೆ ಮಾಡುವುದು ನನ್ನ ಕೆಲಸ. ಅಲ್ಲಿ ನಿಂತು ನೋಡಿದ ಮೇಲೆ ನನಗೆ ಖಚಿತವಾಗಿರುವುದು ಒಂದೇ: ಜಾಸ್ತಿ ಸದ್ದು ಮಾಡುವ ದೋಷ ಬೇರೆ, ಜಾಸ್ತಿ ಅಪಾಯದ ದೋಷ ಬೇರೆ. ಜನ ತಮಗೆ ಕಿರಿಕಿರಿ ಆದದ್ದನ್ನು ಬರೆಯುತ್ತಾರೆ. ಕಣ್ಣಿಗೆ ಕಾಣದ, ಕಿವಿಗೆ ಕೇಳದ ದೋಷದ ಬಗ್ಗೆ ದೂರು ಬರೆಯುವುದಾದರೂ ಹೇಗೆ? ಅದಕ್ಕೇ ದೂರುಗಳಲ್ಲಿ ಬಣ್ಣ, ಎ.ಸಿ., ಪ್ಲಾಸ್ಟಿಕ್ ಬಗ್ಗೆಯೇ ಪುಟಗಟ್ಟಲೆ ಇರುತ್ತದೆ. ಬ್ರೇಕ್ ಹೋಸ್, ಅಂದರೆ ಚಕ್ರದ ಹತ್ತಿರ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪ್ ಬಗ್ಗೆ ಒಂದು ಸಾಲು ಸಿಕ್ಕರೆ ಹೆಚ್ಚು.

ಹಾಗಾಗಿ ಪ್ರತಿ ದೂರನ್ನೂ ಓದುವಾಗ ಇಷ್ಟು ಕೇಳಿಕೊಳ್ಳಿ. ಇದರಿಂದ ಕಾರು ನಿಲ್ಲುವುದಕ್ಕೆ ತೊಂದರೆಯೇ? ತಿರುಗುವುದಕ್ಕೆ ತೊಂದರೆಯೇ? ರಸ್ತೆ ಕಾಣುವುದಕ್ಕೆ ತೊಂದರೆಯೇ? ಬೆಂಕಿ ಹತ್ತಬಹುದೇ? ಗುದ್ದಿದರೆ ಒಳಗಿದ್ದವರನ್ನು ಕಾಪಾಡುವ ವ್ಯವಸ್ಥೆಗೆ ಪೆಟ್ಟೇ? ಎಲ್ಲದಕ್ಕೂ ಇಲ್ಲ ಅಂತಾದರೆ ಆ ದೂರನ್ನು ಪಕ್ಕಕ್ಕಿಡಿ. ಬಣ್ಣ ಎದ್ದ ಕಾರು ಚೆನ್ನಾಗಿಯೇ ಬ್ರೇಕ್ ಹಿಡಿಯುತ್ತದೆ.

ಒಂದು ದೂರು ಮಾತ್ರ ಮೇಲ್ನೋಟಕ್ಕೆ ಸಣ್ಣದಾಗಿ ಕಂಡರೂ ಸಣ್ಣದಲ್ಲ. "ಓಡುತ್ತಿದ್ದಾಗ ಎಂಜಿನ್ ತಾನೇ ಆಫ್ ಆಯಿತು, ಮತ್ತೆ ಸ್ಟಾರ್ಟ್ ಮಾಡಿದೆ, ಸರಿ ಹೋಯಿತು" ಅನ್ನುವುದು. ಜನರಲ್ ಮೋಟರ್ಸ್‌ನ ಕೆಲವು ಕಾರುಗಳಲ್ಲಿ ಇದೇ ದೂರು ವರ್ಷಗಟ್ಟಲೆ ಬಂದಿತ್ತು. ಕಂಪನಿ ಅದನ್ನು ಗ್ರಾಹಕರಿಗೆ ಆಗುವ ಅನನುಕೂಲ ಅಂತ ಪರಿಗಣಿಸಿತು, ಸುರಕ್ಷತೆಯ ದೋಷ ಅಂತಲ್ಲ. ತೊಂದರೆ ಇದ್ದದ್ದು ಇಗ್ನಿಷನ್ ಸ್ವಿಚ್‌ನಲ್ಲಿ. ಅದರ ಹಿಡಿತ ಸಡಿಲವಾಗಿತ್ತು. ಭಾರದ ಕೀ ಗೊಂಚಲು ಜೋತಾಡಿದರೆ, ಮಂಡಿ ತಾಗಿದರೆ, ಸ್ವಿಚ್ ಹಿಂದಕ್ಕೆ ಜಾರುತ್ತಿತ್ತು. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಹೋಗುತ್ತದೆ, ಬ್ರೇಕಿಗೆ ಸಿಗುವ ಬಲ ಕುಗ್ಗುತ್ತದೆ. ಅದರ ಜೊತೆಗೆ ಆ ಕಾರುಗಳಲ್ಲಿ ಏರ್‌ಬ್ಯಾಗ್ ಕೂಡ ಬಿಚ್ಚಿಕೊಳ್ಳುತ್ತಿರಲಿಲ್ಲ. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ರಿಪೇರಿಗೆ ವಾಪಸ್ ಕರೆದರು, ಇದಕ್ಕೇ ರೀಕಾಲ್ ಅನ್ನುವುದು. ಸಂತ್ರಸ್ತರಿಗಾಗಿ ಕಂಪನಿ ಮಾಡಿದ ಪರಿಹಾರ ನಿಧಿ 124 ಸಾವುಗಳನ್ನು ಈ ದೋಷದ ಲೆಕ್ಕಕ್ಕೆ ಒಪ್ಪಿಕೊಂಡಿತು. ಆದ್ದರಿಂದ ನಿಮ್ಮ ಮಾಡೆಲ್‌ನ ದೂರುಗಳಲ್ಲಿ ಇದು ಒಂದಕ್ಕಿಂತ ಹೆಚ್ಚು ಜನರಿಂದ ಬಂದಿದ್ದರೆ ಬಿಡಬೇಡಿ. ಇವತ್ತೇ ಕೀ ಗೊಂಚಲಿನಿಂದ ಬೇರೆ ಕೀಗಳನ್ನು ತೆಗೆದುಬಿಡಿ, ಅದಕ್ಕೆ ಖರ್ಚೇನೂ ಇಲ್ಲ.

ಈಗ 58,000 ಕಿಲೋಮೀಟರ್ ವಿಷಯ. ಕಡಿಮೆ ಓಡಿದೆ ಅನ್ನುವ ಸಮಾಧಾನ ಎಂಜಿನ್ ಮಟ್ಟಿಗೆ ಸರಿ. ಆದರೆ ರಬ್ಬರ್ ಕಿಲೋಮೀಟರ್ ನೋಡಿ ಹಳತಾಗುವುದಿಲ್ಲ, ವರ್ಷ ನೋಡಿ ಹಳತಾಗುತ್ತದೆ. ಬ್ರೇಕ್ ಆಯಿಲ್ಲೂ ಅಷ್ಟೇ. ನಿಂತೇ ಇದ್ದ ಕಾರಿನಲ್ಲಿ ಕೆಲವು ಭಾಗಗಳು ದಿನಾ ಓಡಿದ ಕಾರಿಗಿಂತ ಬೇಗ ಕೆಡುತ್ತವೆ.

ಬ್ರೇಕ್ ಆಯಿಲ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಹಳೆ ಕಾರುಗಳಲ್ಲಿ ಇಷ್ಟು ಸುಲಭವಾಗಿ ಸರಿಪಡಿಸಬಹುದಾದ, ಇಷ್ಟು ಅಲಕ್ಷ್ಯಕ್ಕೆ ಒಳಗಾದ ವಸ್ತು ಇನ್ನೊಂದಿಲ್ಲ. ಮುಚ್ಚಿಟ್ಟ ಡಬ್ಬಿಯಲ್ಲೂ ಉಪ್ಪು ತೇವ ಎಳೆದುಕೊಳ್ಳುವ ಹಾಗೆ ಇದು ಗಾಳಿಯಲ್ಲಿನ ತೇವವನ್ನು ನಿಧಾನವಾಗಿ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೂರಕ್ಕೆ 3.7ರಷ್ಟು ನೀರು ಸೇರಿದ ಮೇಲೆ ಅದೇ ಆಯಿಲ್‌ಗೆ ನಿಗದಿಯಾದ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಅಷ್ಟು ಬಿಸಿ ಆಗುವುದು ಕಷ್ಟವೇನಲ್ಲ. ಆಯಿಲ್ ಕುದಿದರೆ ಲೈನ್‌ನಲ್ಲಿ ಆವಿಯ ಗುಳ್ಳೆ ಆಗುತ್ತದೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಇದರಲ್ಲಿ ಇನ್ನೂ ಕೆಟ್ಟ ವಿಷಯ ಏನೆಂದರೆ, ಕಾರು ತಣ್ಣಗಾದ ಮೇಲೆ ಎಲ್ಲ ಸರಿ ಕಾಣುತ್ತದೆ. ಗ್ಯಾರೇಜಿಗೆ ಒಯ್ದರೆ "ಬ್ರೇಕ್ ಚೆನ್ನಾಗಿದೆಯಲ್ಲ" ಅಂತಾರೆ. ಎರಡು ಮೂರು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅಂತ ಹೆಚ್ಚಿನ ಕಾರುಗಳ ಕೈಪಿಡಿಯಲ್ಲೇ ಇರುತ್ತದೆ. ನಿಮ್ಮ ಕಾರಿನಲ್ಲಿ ಯಾವಾಗ ಬದಲಿಸಿದ್ದು ಅಂತ ಗೊತ್ತಿಲ್ಲದಿದ್ದರೆ, ಬದಲಿಸಿಲ್ಲ ಅಂತಲೇ ತಿಳಿಯಿರಿ. ಮೇಲೆ ಸ್ವಲ್ಪ ಸುರಿದು ಮಟ್ಟ ಸರಿ ಮಾಡುವುದು ಬದಲಿಸಿದಂತೆ ಅಲ್ಲ. ಹಳೆಯದನ್ನು ಪೂರ್ತಿ ಹೊರತೆಗೆದು ನಾಲ್ಕೂ ಚಕ್ರದಲ್ಲಿ ಗಾಳಿ ತೆಗೆಸಬೇಕು.

ಪೆಡಲ್ ತಾನೇ ಸುಮಾರು ಸಂಗತಿ ಹೇಳುತ್ತದೆ. ಒತ್ತಿದಾಗ ಸ್ಪಂಜಿನಂತೆ ಮೆತ್ತಗಿದ್ದರೆ ಲೈನ್‌ನಲ್ಲಿ ಗಾಳಿ ಇರಬಹುದು. ಕಾಲು ಒಂದೇ ಸಮ ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್‌ನ ಒಳಗಿನ ಸೀಲ್ ಹೋಗಿರಬಹುದು, ಅಥವಾ ಎಲ್ಲಾದರೂ ಸೋರುತ್ತಿರಬಹುದು. ಇವೆರಡರಲ್ಲಿ ಯಾವುದು ಕಂಡರೂ ಕಾರು ಓಡಿಸಬೇಡಿ, ಮೆಕ್ಯಾನಿಕ್‌ನನ್ನು ಕಾರಿನ ಹತ್ತಿರವೇ ಕರೆಸಿ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಬೂಸ್ಟರ್, ಅಂದರೆ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಭಾಗ, ನೋಡಿ. ಎಂಜಿನ್ ಆಫ್ ಇರುವಾಗ ನಾಲ್ಕೈದು ಸಲ ಒತ್ತಿ, ಪೆಡಲ್ ಗಟ್ಟಿಯಾದ ಮೇಲೆ ಕಾಲು ಹಾಗೇ ಇಟ್ಟುಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ.

ಬ್ರೇಕ್ ಹೋಸ್ ಹೊರಗೆ ಬಿರುಕು ಬಿಟ್ಟರೆ ಕಾಣುತ್ತದೆ. ಕೆಲವು ಒಳಗಿನಿಂದ ಊದಿಕೊಳ್ಳುತ್ತವೆ. ಆಗ ಆಯಿಲ್ ಒತ್ತಡದಲ್ಲಿ ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಕಾರು ಒಂದು ಕಡೆಗೆ ಎಳೆಯುತ್ತದೆ, ಇಳಿದು ನೋಡಿದರೆ ಒಂದೇ ಚಕ್ರ ಸುಡುತ್ತಿರುತ್ತದೆ. ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಜಾಮ್ ಆದರೂ ಹೀಗೇ ಆಗುತ್ತದೆ, ಹಾಗಾಗಿ ಎರಡನ್ನೂ ನೋಡಿಸಿ. 14 ವರ್ಷದ ಹೋಸ್‌ಗಳನ್ನು ನಾನಾಗಿದ್ದರೆ ನೋಡುತ್ತಾ ಕೂರುವುದಿಲ್ಲ, ಬದಲಿಸಿಬಿಡುತ್ತೇನೆ.

ಟೈರ್‌ಗೂ ಇದೇ ಮಾತು. ಟ್ರೆಡ್ ಚೆನ್ನಾಗಿದೆ ಅಂತ ಟೈರ್ ಚೆನ್ನಾಗಿದೆ ಅನ್ನಬೇಡಿ. ಪಕ್ಕದ ಗೋಡೆಯ ಮೇಲೆ ಡಾಟ್ ಅನ್ನುವ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲು ಇರುತ್ತದೆ, ಅದರ ಕೊನೆಯ ನಾಲ್ಕು ಅಂಕಿ ನೋಡಿ. 2315 ಅಂತಿದ್ದರೆ 2015ರ 23ನೇ ವಾರದಲ್ಲಿ ತಯಾರಾದದ್ದು. ಟೈರ್‌ನ ಎರಡು ಕಡೆಯಲ್ಲಿ ಒಂದು ಕಡೆ ಮಾತ್ರ ಪೂರ್ತಿ ಸಂಖ್ಯೆ ಇರುವುದುಂಟು, ಸಿಗದಿದ್ದರೆ ಒಳಬದಿಗೆ ಬಗ್ಗಿ ನೋಡಿ. ಐದಾರು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಹತ್ತು ವರ್ಷ ಆದದ್ದನ್ನು ನೋಡಲು ಎಷ್ಟೇ ಚೆನ್ನಾಗಿದ್ದರೂ ಬಿಡಬೇಕು. ಒಳಗಿನ ಪದರಗಳ ಅಂಟು ಬಿಟ್ಟರೆ ವೇಗದಲ್ಲಿ ಟ್ರೆಡ್ ಕಿತ್ತು ಬರುತ್ತದೆ. ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನೂ ನೋಡಿ. ಕಡಿಮೆ ಓಡಿದ ಕಾರುಗಳಲ್ಲಿ ಅದು ಕಾರಿನಷ್ಟೇ ಹಳೆಯದಾಗಿರುತ್ತದೆ.

ಇನ್ನು ಏರ್‌ಬ್ಯಾಗ್. ಕೀ ತಿರುಗಿಸಿದಾಗ ಆ ಲೈಟ್ ಕೆಲವು ಸೆಕೆಂಡ್ ಹತ್ತಿ ಆರಬೇಕು. ಆರದೇ ಉರಿಯುತ್ತಿದ್ದರೆ ಗುದ್ದಿದಾಗ ಬ್ಯಾಗ್ ಬಿಚ್ಚುತ್ತದೆ ಅಂತ ನಂಬುವ ಹಾಗಿಲ್ಲ. ಸೀಟ್ ಕೆಳಗಿನ ಕನೆಕ್ಟರ್ ಸಡಿಲ ಆಗಿರುವುದು, ಸ್ಟೀರಿಂಗ್ ಒಳಗೆ ಸುತ್ತಿಟ್ಟ ರಿಬ್ಬನ್ ವೈರ್ ತುಂಡಾಗಿರುವುದು ಸಾಮಾನ್ಯ ಕಾರಣಗಳು. ರಿಬ್ಬನ್ ತುಂಡಾಗಿದ್ದರೆ ಎಷ್ಟೋ ಸಲ ಹಾರ್ನ್ ಕೂಡ ಕೆಲಸ ಮಾಡುವುದಿಲ್ಲ. ಕೀ ತಿರುಗಿಸಿದಾಗ ಲೈಟ್ ಹತ್ತುವುದೇ ಇಲ್ಲವಾದರೆ ಇನ್ನೂ ಜಾಸ್ತಿ ಅನುಮಾನ ಪಡಿ. ಮೀಟರ್ ಬಿಚ್ಚಿ ನೋಡಿದಾಗ ಆ ಬಲ್ಬಿನ ಮೇಲೆ ಕಪ್ಪು ಟೇಪ್ ಅಂಟಿಸಿದ್ದ ಕಾರು ನನ್ನ ಕೈಗೇ ಬಂದಿದೆ. ಮಾರುವಾಗ ಯಾರೋ ಮಾಡಿದ ಕೆಲಸ. ಅದನ್ನು ಕೊಂಡವರು ಮಕ್ಕಳನ್ನು ಕೂರಿಸಿಕೊಂಡು ಓಡಾಡುತ್ತಿದ್ದರು. ಇವತ್ತಿಗೂ ನೆನೆದರೆ ಸಿಟ್ಟು ಬರುತ್ತದೆ.

ಲೈಟ್ ಸರಿಯಾಗಿ ಆರಿದರೂ ಒಂದು ಅಪಾಯ ಉಳಿದಿರಬಹುದು. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್ ಉಬ್ಬಿಸುವ ಭಾಗದಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತಿತ್ತು. ವರ್ಷಗಳ ಬಿಸಿ ಮತ್ತು ತೇವಕ್ಕೆ ಅದು ಕೆಟ್ಟು, ಅಪಘಾತದಲ್ಲಿ ಬೇಕಾದ್ದಕ್ಕಿಂತ ರಭಸವಾಗಿ ಉರಿದು, ಲೋಹದ ಡಬ್ಬಿಯೇ ಒಡೆದು ಚೂರುಗಳು ಮುಖಕ್ಕೆ ಕುತ್ತಿಗೆಗೆ ನುಗ್ಗುತ್ತಿದ್ದವು. ಸಣ್ಣ ಅಪಘಾತಗಳಲ್ಲೂ ಜನ ಸತ್ತಿದ್ದಾರೆ. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಬ್ಯಾಗ್‌ಗಳು ಈ ರೀಕಾಲ್‌ಗೆ ಸೇರಿದವು. 2017ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಬೇರೆ ಬೇರೆ ಬ್ರ್ಯಾಂಡಿನ ಕಾರುಗಳಲ್ಲಿ ಇದೇ ಬ್ಯಾಗ್ ಇತ್ತು, ನಿಮ್ಮ ಕಾರಿನ ವಯಸ್ಸು ಆ ಕಾಲಕ್ಕೇ ಬರುತ್ತದೆ. ಈ ದೋಷಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಯಾವ ಎಚ್ಚರಿಕೆಯೂ ಬರುವುದಿಲ್ಲ. ತಿಳಿಯುವ ದಾರಿ ಒಂದೇ. 17 ಅಕ್ಷರ, ಅಂಕಿಗಳ ಚಾಸಿ ನಂಬರನ್ನು ಕಾರು ಕಂಪನಿಯ ರೀಕಾಲ್ ಪುಟದಲ್ಲಿ ಹಾಕಿ ನೋಡಬೇಕು, ಇಲ್ಲವೇ ಕಂಪನಿಗೆ ನೇರವಾಗಿ ಕೇಳಬೇಕು. ಕಾರು ಎರಡು ಮೂರು ಕೈ ಬದಲಾಗಿದ್ದರೆ ಕಂಪನಿಯ ಪತ್ರ ಹಳೆ ವಿಳಾಸಕ್ಕೇ ಹೋಗಿರುತ್ತದೆ. ಹಾಗಾಗಿ ಪತ್ರ ಬಂದಿಲ್ಲ ಅಂತ ಸುಮ್ನೆ ಇರಬೇಡಿ. ರೀಕಾಲ್ ಕೆಲಸಕ್ಕೆ ವಾರಂಟಿ ಮುಗಿದಿದ್ದರೂ ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ.

ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ. ಅಂಚಿನಲ್ಲಿ ದಾರ ಬಿಟ್ಟಿದ್ದರೆ, ಬಿಟ್ಟಾಗ ತಾನೇ ಸುತ್ತಿಕೊಳ್ಳದಿದ್ದರೆ, ಜೋರಾಗಿ ಜಗ್ಗಿದಾಗ ಲಾಕ್ ಆಗದಿದ್ದರೆ ಬದಲಿಸಿ. ಹಿಂದಿನ ಸೀಟಿನದ್ದೂ ನೋಡಿ.

ಕೆಳಗಿನ ಟಕಟಕ ಸದ್ದಿಗೆ ಬಹಳ ಸಲ ಕಾರಣ ಸ್ಟೆಬಿಲೈಸರ್ ಲಿಂಕ್ (ತಿರುವಿನಲ್ಲಿ ಕಾರು ಜಾಸ್ತಿ ವಾಲದಂತೆ ತಡೆಯುವ ಸರಳಿನ ಕೊಂಡಿ) ಅಥವಾ ಸವೆದ ಬುಷ್ (ಜೋಡಣೆಗಳ ನಡುವಿನ ರಬ್ಬರ್). ಕಿರಿಕಿರಿ ಹೌದು, ನಾಳೆಯೇ ಪ್ರಾಣಾಪಾಯ ಅಲ್ಲ. ಆದರೆ ಚಕ್ರವನ್ನು ಸಸ್ಪೆನ್ಷನ್‌ಗೆ ಹಿಡಿದಿಡುವ ಬಾಲ್ ಜಾಯಿಂಟ್, ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಸವೆದರೂ ಇಂಥದ್ದೇ ಸದ್ದು ಬರುತ್ತದೆ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ವಾಲಿಕೊಂಡು ಕಾರು ಕುಸಿಯುತ್ತದೆ, ಟೈ ರಾಡ್ ಕಳಚಿದರೆ ಸ್ಟೀರಿಂಗ್ ಒಂದು ಕಡೆ, ಚಕ್ರ ಇನ್ನೊಂದು ಕಡೆ. ಸದ್ದು ಕೇಳಿ ಯಾರೂ ಇದನ್ನು ಬೇರ್ಪಡಿಸಲಾರರು. ಚಕ್ರ ಎತ್ತಿಸಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಬೇಕು, ಆಮೇಲೆ ಎಡಕ್ಕೆ ಬಲಕ್ಕೆ. ಸಡಿಲವಾಗಿ ಅಲ್ಲಾಡಿದರೆ ಎಲ್ಲಿಂದ ಅಂತ ಕೆಳಗೆ ಇನ್ನೊಬ್ಬರು ನೋಡಬೇಕು. ಲಿಫ್ಟ್ ಇರುವ ಗ್ಯಾರೇಜಿನಲ್ಲಿ ಕೆಲವೇ ನಿಮಿಷದ ಕೆಲಸ.

ಬೆಂಕಿ ವಿಷಯಕ್ಕೆ ಬಂದರೆ, ಪೆಟ್ರೋಲ್ ವಾಸನೆಯನ್ನು ಯಾವತ್ತೂ "ಹಳೆ ಕಾರು ಅಲ್ವಾ" ಅಂತ ಬಿಡಬೇಡಿ. ಗಟ್ಟಿಯಾಗಿ ಬಿರುಕು ಬಿಟ್ಟ ಪೆಟ್ರೋಲ್ ಹೋಸ್ ಬಿಸಿ ಎಂಜಿನ್ ಪಕ್ಕದಲ್ಲೇ ಇರುತ್ತದೆ. ಆಮೇಲೆ ಹಾಕಿಸಿದ ಹೆಚ್ಚಿನ ವ್ಯಾಟ್‌ನ ಲೈಟ್, ಆಂಪ್ಲಿಫೈಯರ್, ಕ್ಯಾಮೆರಾ ವೈರ್‌ಗಳನ್ನು ನೋಡಿಸಿ. ಫ್ಯೂಸ್ ಇಲ್ಲದೆ ನೇರ ಬ್ಯಾಟರಿಯಿಂದ ಎಳೆದಿದ್ದರೆ ಬಿಚ್ಚಿಸಿಬಿಡಿ. ಕಂಪನಿಯ ಭಾಗಗಳಲ್ಲೂ ಇಂಥ ದೋಷ ಬಂದಿದೆ. 2023ರಲ್ಲಿ ಹ್ಯುಂಡೈ ಮತ್ತು ಕಿಯಾ ಅಮೆರಿಕದಲ್ಲಿ 33 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆದವು. ಬ್ರೇಕಿನ ನಿಯಂತ್ರಣ ಘಟಕದ ಒಳಗೆ ಆಯಿಲ್ ಸೋರಿ ಶಾರ್ಟ್ ಆಗಿ, ನಿಲ್ಲಿಸಿದ ಕಾರಿಗೂ ಬೆಂಕಿ ಹತ್ತಬಹುದಿತ್ತು. ರಿಪೇರಿ ಆಗುವ ತನಕ ಕಟ್ಟಡದಿಂದ ದೂರ, ಬಯಲಲ್ಲೇ ನಿಲ್ಲಿಸಿ ಅಂತ ಮಾಲೀಕರಿಗೆ ಹೇಳಿದ್ದರು. ಸೈಲೆನ್ಸರ್ ಪೈಪ್ ತೂತಾಗಿದ್ದರೆ ಅದನ್ನೂ ಬರೀ ಸದ್ದು ಅಂತ ತಿಳಿಯಬೇಡಿ. ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕ್ಯಾಬಿನ್ ಒಳಗೆ ಸೇರಬಹುದು.

ಹಳದಿಯಾದ ಹೆಡ್‌ಲೈಟ್ ಗಾಜು, ಒಣಗಿದ ವೈಪರ್, ಇವಕ್ಕೆ ಚರ್ಚೆ ಬೇಡ, ಸರಿ ಮಾಡಿಸಿ. ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇದ್ದರೆ ಅದೂ ರಬ್ಬರೇ, ಅದಕ್ಕೂ ವರ್ಷದ ಮಿತಿ ಇದೆ.

ಇಟ್ಟುಕೊಳ್ಳಬೇಕೋ ಮಾರಬೇಕೋ ಅನ್ನುವುದನ್ನು ತುಕ್ಕು ನೋಡಿ ತೀರ್ಮಾನಿಸಿ. ಮೇಲೆ ಹೇಳಿದ ಎಲ್ಲವನ್ನೂ ಬದಲಿಸಬಹುದು. ಕಾರಿನ ಮೂಳೆಯೇ ತಿಂದುಹೋಗಿದ್ದರೆ ಬದಲಿಸಲು ಆಗುವುದಿಲ್ಲ. ಬಾಗಿಲಿನ ಕೆಳಗಿನ ಉದ್ದನೆಯ ಪೆಟ್ಟಿಗೆ, ಜ್ಯಾಕ್ ಕೊಡುವ ಜಾಗ, ಸಸ್ಪೆನ್ಷನ್ ಬೋಲ್ಟ್ ಕೂರುವ ಜಾಗ, ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ, ಲೋಹದ ಬ್ರೇಕ್ ಪೈಪ್‌ಗಳು, ಇಲ್ಲೆಲ್ಲ ನೋಡಿಸಿ. ತಗಡನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಗಟ್ಟಿ ಲೋಹದ ಸದ್ದು ಬರಬೇಕು, ಬದಿಗೆ ಒತ್ತಿದರೆ ಕುಸಿಯಬಾರದು. ಹೊಸದಾಗಿ ಬಳಿದ ದಪ್ಪ ಕಪ್ಪು ಲೇಪ ಕಂಡರೆ ಅದರ ಅಡಿ ಏನಿದೆ ಅಂತ ಕೇಳಿ.

ಮೇಲ್ಮೈ ತುಕ್ಕಷ್ಟೇ ಇದ್ದರೆ ಕಾರು ಇಟ್ಟುಕೊಳ್ಳಿ. ಬ್ರೇಕ್ ಆಯಿಲ್, ಹೋಸ್, ಟೈರ್ ಬದಲಿಸಿ, ರೀಕಾಲ್ ಮುಗಿಸಿ, ಧೈರ್ಯವಾಗಿ ಓಡಿಸಿ. ಸಸ್ಪೆನ್ಷನ್ ಕೂರುವ ಜಾಗವೇ ತೂತಾಗಿದ್ದರೆ ತೇಪೆ ಹಾಕಿಸಿ ಇನ್ನೊಬ್ಬರಿಗೆ ದಾಟಿಸಬೇಡಿ, ಗುಜರಿಗೆ ಕೊಡಿ. ಕಾರು ಗಟ್ಟಿಯಿದ್ದೂ ಮಾರಬೇಕು ಅನ್ನಿಸಿದರೆ, ಪರೀಕ್ಷೆಯಲ್ಲಿ ಕಂಡದ್ದನ್ನೆಲ್ಲ ಬರೆದು ಕೊಳ್ಳುವವರ ಕೈಗೆ ಕೊಡಿ, ಬಾಕಿ ಇರುವ ರೀಕಾಲ್ ಸಮೇತ.