ಜಿಪಿಎಲ್ ಕೋಡ್ ಬಳಸಿದರೆ ನಮ್ಮ ಕೋಡನ್ನೂ ಕೊಡಬೇಕೆ?

ಪ್ರಶ್ನೆ: ಸಹಕಾರ ಸಂಘವೊಂದಕ್ಕೆ ಲೆಕ್ಕಪತ್ರದ ತಂತ್ರಾಂಶ ಬರೆದುಕೊಡುತ್ತಿದ್ದೇನೆ. ಅದರಲ್ಲಿ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಕೋಡನ್ನು ಸೇರಿಸಿಕೊಂಡಿದ್ದೇನೆ. ಹಣ ಪಡೆಯಬಹುದೆ? ನನ್ನ ಕೋಡನ್ನು ಊರಿಗೆಲ್ಲ ಬಹಿರಂಗಪಡಿಸಬೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹಣವನ್ನು ಧಾರಾಳವಾಗಿ ಪಡೆಯಿರಿ. ಮುಕ್ತ ತಂತ್ರಾಂಶ ಚಳವಳಿಯ ಹರಿಕಾರ ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ರೂಪಿಸಿದ ಜಿಪಿಎಲ್ ಮಾರಾಟವನ್ನು ನಿಷೇಧಿಸುವುದಿಲ್ಲ. ಆದರೆ ನೀವು ಬರೆದ ಭಾಗ ಆ ಕೋಡಿನೊಂದಿಗೆ ಬೆಸೆದು ಒಂದೇ ತಂತ್ರಾಂಶವಾಗಿದ್ದರೆ, ಅದರ ಪ್ರತಿಯನ್ನು ಸಂಘಕ್ಕೆ ಕೊಡುವಾಗ ಇಡೀ ತಂತ್ರಾಂಶವನ್ನು ಜಿಪಿಎಲ್ ಅಡಿಯಲ್ಲಿಯೇ ಕೊಡಬೇಕು ಮತ್ತು ಮೂಲ ಕೋಡ್ ಕೂಡ ಅವರಿಗೆ ಸಿಗುವಂತೆ ಮಾಡಬೇಕು. ಊರಿಗೆಲ್ಲ ಹಂಚುವ ಹೊಣೆ ನಿಮ್ಮದಲ್ಲ. ಆದರೆ ಸಂಘದವರು ಅದನ್ನು ಪಕ್ಕದ ಊರಿನ ಸಂಘಕ್ಕೆ ಪುಕ್ಕಟೆಯಾಗಿ ಕೊಟ್ಟರೆ ನೀವು ತಡೆಯುವಂತಿಲ್ಲ. (ಅನೇಕರಿಗೆ ಕಹಿಯಾಗುವುದು ಈ ಮಾತೇ.)

ತಂತ್ರಾಂಶವನ್ನು ನಿಮ್ಮದೇ ಸರ್ವರ್‌ನಲ್ಲಿಟ್ಟು, ಸಂಘದವರು ಅಂತರ್ಜಾಲದ ಮೂಲಕ ಬಳಸುವಂತೆ ಮಾಡಿದರೆ, ಪ್ರತಿ ಕೈಬದಲಾಗದ ಕಾರಣ ಜಿಪಿಎಲ್‌ನ ಈ ಷರತ್ತು ಅನ್ವಯಿಸುವುದಿಲ್ಲ. ಈ ಸಂದನ್ನು ಮುಚ್ಚಲೆಂದೇ ಎಜಿಪಿಎಲ್ ಎಂಬ ಪರವಾನಗಿ ಇದೆ. ನೀವು ಬಳಸಿದ್ದು ಯಾವುದೆಂದು ಮೊದಲು ನೋಡಿಕೊಳ್ಳಿ. ಎಂಐಟಿ ಪರವಾನಗಿಯಾದರೆ ಹಕ್ಕುಸ್ವಾಮ್ಯದ ಸೂಚನೆ ಹಾಗೂ ಪರವಾನಗಿಯ ಪಠ್ಯವನ್ನು ಉಳಿಸಿಕೊಂಡರೆ ಸಾಕು.

ಪರವಾನಗಿಯೇ ಇಲ್ಲದ ಕೋಡ್ ಅಂತರ್ಜಾಲದಲ್ಲಿ ಸಿಕ್ಕಿತೆಂದು ಬಳಸಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯು ಕಂಪ್ಯೂಟರ್ ಪ್ರೋಗ್ರಾಂಗಳನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿರುವುದರಿಂದ, ಬರೆದವರ ಅನುಮತಿ ಬೇಕೇ ಬೇಕು.