ಪ್ರಬಂಧಕ್ಕಿಂತ ಮೊದಲು ಪೇಟೆಂಟ್ ಅರ್ಜಿ

ನಮಸ್ಕಾರ. ದಾಸ್ತಾನು ಮಾಡಿದ ತೊಗರಿಗೆ ಹುಳು ಬೀಳದಂತೆ ತಡೆಯುವ ಬೇವಿನ ಲೇಪನವೊಂದನ್ನು ಕಲಬುರಗಿಯ ಪ್ರಯೋಗಾಲಯದಲ್ಲಿ ರೂಪಿಸಿರುವ ನೀವು, ಮೊದಲು ಪ್ರಬಂಧ ಪ್ರಕಟಿಸಬೇಕೋ ಕಂಪನಿ ಆರಂಭಿಸಬೇಕೋ ಎಂದು ಕೇಳಿದ್ದೀರಿ. ಎರಡಕ್ಕೂ ಮೊದಲು ಪೇಟೆಂಟ್ ಅರ್ಜಿ ಸಲ್ಲಿಸಿ ಎಂಬುದು ನನ್ನ ದೃಢವಾದ ಸಲಹೆ. ಒಮ್ಮೆ ಪ್ರಕಟವಾದ ಸಂಶೋಧನೆ ಕಾನೂನಿನ ಕಣ್ಣಿನಲ್ಲಿ ಹೊಸತಾಗಿ ಉಳಿಯುವುದಿಲ್ಲ, ಇದಕ್ಕಿರುವ ವಿನಾಯಿತಿಗಳೂ ಬಹಳ ಸೀಮಿತ. ತಾತ್ಕಾಲಿಕ ವಿವರಣೆಯೊಂದಿಗೆ (ಸಂಶೋಧನೆಯ ಆರಂಭಿಕ ವಿವರದೊಂದಿಗೆ) ಅರ್ಜಿ ಹಾಕಿದರೆ ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳ ಅವಕಾಶವಿರುತ್ತದೆ. ಹಕ್ಕು ನಿಮ್ಮದೋ ವಿಶ್ವವಿದ್ಯಾಲಯದ್ದೋ ಎಂಬುದನ್ನು ಅಲ್ಲಿನ ಬೌದ್ಧಿಕ ಆಸ್ತಿ ನೀತಿಯಲ್ಲಿ ನೋಡಿ, ಮಾರ್ಗದರ್ಶಕರ ಪಾಲನ್ನೂ ಸೇರಿಸಿ, ಲಿಖಿತವಾಗಿ ಇತ್ಯರ್ಥಪಡಿಸಿಕೊಳ್ಳಿ.

ನಿಜವಾದ ಕಷ್ಟವಿರುವುದು ಬೇವಿನಲ್ಲಿ. ಅದರ ಕೀಟನಿರೋಧಕ ಗುಣ ನಮ್ಮ ರೈತರಿಗೆ ತಲೆಮಾರುಗಳಿಂದ ತಿಳಿದದ್ದು. ಪೇಟೆಂಟ್ ಕಾಯ್ದೆಯ 3(ಪಿ) ಕಲಮಿನಂತೆ ಪಾರಂಪರಿಕ ಜ್ಞಾನಕ್ಕೆ ಪೇಟೆಂಟ್ ಸಿಗುವುದಿಲ್ಲ. ಬೇವಿನೆಣ್ಣೆಯ ಶಿಲೀಂಧ್ರನಾಶಕಕ್ಕೆ ತಾನೇ ಕೊಟ್ಟಿದ್ದ ಪೇಟೆಂಟನ್ನು ಯುರೋಪಿನ ಪೇಟೆಂಟ್ ಕಚೇರಿ 2000ರಲ್ಲಿ ರದ್ದುಪಡಿಸಿ, 2005ರಲ್ಲಿ ಮೇಲ್ಮನವಿಯನ್ನೂ ತಳ್ಳಿಹಾಕಿತು. ಆದ್ದರಿಂದ ಲೇಪನದಲ್ಲಿ ನಿಮ್ಮದೇ ಆದ ಹೊಸ ಅಂಶ ಯಾವುದು, ಅದರಿಂದ ಫಲಿತಾಂಶ ಎಷ್ಟು ಸುಧಾರಿಸಿತು ಎಂಬುದನ್ನು ದತ್ತಾಂಶದಿಂದಲೇ ತೋರಿಸಬೇಕಾಗುತ್ತದೆ. ಕೀಟನಾಶಕವೆಂದು ಮಾರುವುದಾದರೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯೂ ಬೇಕು. ಅದರ ಖರ್ಚನ್ನು ಈಗಲೇ ಲೆಕ್ಕ ಹಾಕಿ. ಆರಂಭಿಕ ಹಣಕ್ಕೆ ಜೈವಿಕ ತಂತ್ರಜ್ಞಾನದ ಉದ್ಯಮಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಬೈರಾಕ್ (BIRAC) ಸಂಸ್ಥೆ ಹೊಸ ಆಲೋಚನೆಗಳಿಗೆ ಕೊಡುವ, 50 ಲಕ್ಷ ರೂಪಾಯಿವರೆಗಿನ ಬಿಗ್ (BIG) ಅನುದಾನಕ್ಕೆ ಪ್ರಯತ್ನಿಸಿ.